ಎಲೆ ಅಡಿಕೆಯ ಮೇಲೆ ಸಿಕ್ಕ ಮನೆ

ಈ ಪರದೇಶದಲ್ಲಿ, ಪೆಂಡಲ್ ಹಿಲ್ ರೈಲು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅಂಕಲ್‌ಗೆ ಸಾಲು ಮನೆಗಳಿದ್ದವು. ಅಂಕಲ್ ಅಂದರೆ ರಕ್ತಸಂಬಂಧವೇನಲ್ಲ. ನಮ್ಮ ಧಾರವಾಡದ ಕಡೆಯವರು, ಅಷ್ಟೇ. ಅಷ್ಟೇ ಸಾಕಾಯಿತು ನಮಗೆ. ಒಂದು ಮನೆ ಬಾಡಿಗೆಗೆ ಕೇಳಲು ಹೋದಾಗ ನನ್ನ ಗಂಡ ಲೀಸಿನ, ಅಂದರೆ ಬಾಡಿಗೆ ಕರಾರು ಬರೆಸುವ, ಮಾತೆತ್ತಿದರು. ಅಂಕಲ್ ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಜೋಡಿಸಿ, ಮೇಲೆ ಬೀಗದ ಕೈ ಇಟ್ಟು ನನ್ನ ಮುಂದೆ ಹಿಡಿದರು.

“ನಮ್ಮ ನಮ್ಮೊಳಗ ಎಂಥಾ ಲೀಸ್ ತಂಗಿ? ನಿನ್ನ ಮಗಳು ಹನ್ನೆರಡನೇದು ಮುಗಸೂತನಕ ಈ ಮನಿ ನಿಮ್ದು.”

ದುಪಟ್ಟಾ ಒಡ್ಡಿ ತೆಗೆದುಕೊಂಡೆ. ಎಲೆ ಅಡಿಕೆ ಹಿಡಿದು ಆಡಿದ ಮಾತಿಗೆ ತಪ್ಪಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮರುವರ್ಷ ಅಂಕಲ್ ಕೌನ್ಸಿಲ್ ಚುನಾವಣೆಗೆ ನಿಂತರು. ‘ಬಾಡಿಗೆದಾರರ ದನಿ’ ಅಂತ ಪೋಸ್ಟರು ಬೇರೆ! ನಾನೇ ಅದನ್ನು ನಮ್ಮ ಬೇಲಿಗೆ ಕಟ್ಟಿದೆ. ದಿನಸಿ ಅಂಗಡಿಗಳ ಮುಂದೆ ನಿಂತು ಕನ್ನಡದಲ್ಲಿ, ಹಿಂದಿಯಲ್ಲಿ ಓಟು ಕೇಳಿದೆ. ಮತದಾನದ ದಿನ ಅವರ ಕಡೆಯವರಿಗೆಲ್ಲ ನನ್ನ ಅಡುಗೆಮನೆಯಿಂದಲೇ ಗಿರಮಿಟ್ಟು, ಚಹಾ ಹೋಯಿತು. ಗೆದ್ದರು. ಹೂಮಾಲೆ ಬಾಡುವ ಮೊದಲೇ ಮನೆಗೆ ಬಂದರು.

“ತಂಗಿ, ಈ ಮನಿ ಕೆಡವಿ ಡ್ಯೂಪ್ಲೆಕ್ಸ್ ಕಟ್ಟಾಕತ್ತೀನಿ. ಲಗೂನ ಬ್ಯಾರೆ ಕಡೆ ನೋಡ್ಕೋರಿ.”

“ಅಂಕಲ್, ಆಕಿ ಪರೀಕ್ಷಾ ಇನ್ನೂ ಮುಗದಿಲ್ಲ. ಮಾತು ಕೊಟ್ಟಿದ್ರಿ.”

“ಬರದು ಕೊಟ್ಟೀನೇನು?”

ಬೇಲಿಯ ಪೋಸ್ಟರಿನಲ್ಲಿ ಅವರ ನಗುಮುಖ ಇನ್ನೂ ನೇತಾಡುತ್ತಿತ್ತು.

ಆ ಸಬರ್ಬಿನಲ್ಲಿ ನಮಗೆ ಬೇರೆ ಮನೆ ಸಿಗಲಿಲ್ಲ. ಗಂಡನ ಕಂಪನಿ ಮೆಲ್ಬರ್ನಿಗೆ ಕರೆಯಿತು, ಊರನ್ನೇ ಬಿಟ್ಟು ಇಲ್ಲಿನ ಗ್ಲೆನ್ ವೇವರ್ಲಿಗೆ ಬಂದೆವು. ಪರೀಕ್ಷೆಯ ವರ್ಷ ಶಾಲೆ ಬಿಡಲಾರೆನೆಂದು ಮಗಳು ಪೆಂಡಲ್ ಹಿಲ್ಲಿನಲ್ಲೇ ಗೆಳತಿಯ ಮನೆಯಲ್ಲಿ ಉಳಿದಳು. ನಾಲ್ಕು ತಿಂಗಳ ಮಾತು ಅಂದುಕೊಂಡಿದ್ದೆ. ಪರೀಕ್ಷೆ ಮುಗಿಯಿತು, ಅವಳು ಬರಲಿಲ್ಲ. ಮನೆಗೆ ಬಾರೇ ಎಂದರೆ ಫೋನಿನಲ್ಲಿ “ದಟ್ಸ್ ಯುವರ್ ಹೌಸ್, ಅಮ್ಮಾ” ಅನ್ನುತ್ತಾಳೆ. ಅವಳ ಕೋಣೆಯ ಹಾಸಿಗೆಗೆ ವಾರವಾರ ಹೊಸ ಚಾದರ ಹಾಸುತ್ತೇನೆ, ಹುಚ್ಚಿಯ ಹಾಗೆ.

ಮೊನ್ನೆ ಇಲ್ಲಿನ ಕನ್ನಡಿಗರು, ಕೌನ್ಸಿಲಿಗೆ ಗೆದ್ದ ಕನ್ನಡಿಗರೆಂದು ಅಂಕಲ್‌ರನ್ನು ಕರೆಸಿ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಪೇಟ ಆಯಿತು. ಫಲತಾಂಬೂಲದ ತಟ್ಟೆ ಕೊಡಲು ಊರ ಕಡೆಯವಳೆಂದು ನನ್ನನ್ನೇ ವೇದಿಕೆಗೆ ಕರೆದರು.

“ಮಗಳೆಲ್ಲಿ ತಂಗಿ?” ಎಂದರು ಅಂಕಲ್, ಮೈಕಿನಲ್ಲೇ.

“ನಿಮ್ಮ ವಾರ್ಡಿನಾಗ ಅದಾಳ್ರಿ, ಮಂದಿ ಮನ್ಯಾಗ.”

“ಹಂಗಾದ್ರ ನಂದೊಂದು ಓಟು ಗಟ್ಟಿ!”

ಸಭೆಯೆಲ್ಲ ನಕ್ಕಿತು. ಅವರು ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡರು, ಎಲೆ ಅಡಿಕೆಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.