ಹೊಗಳಿ ಕೆಡಿಸಿದವನ ಕಥೆ

ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿ ನಾವು ಕೆಲವರು ಕನ್ನಡದವರು ಭಾನುವಾರ ಮಧ್ಯಾಹ್ನ ಸೇರಿ ಜಪಾನಿನ ಹಳೆಯ ಸಣ್ಣಕಥೆಗಳನ್ನು ಓದುತ್ತಿದ್ದೆವು. ಓದುತ್ತಿದ್ದೆವು ಅನ್ನುವುದಕ್ಕಿಂತ ವಿಚಾರಣೆ ನಡೆಸುತ್ತಿದ್ದೆವು ಅಂದರೆ ಸರಿ. ಆ ಕಥೆಗಳಲ್ಲಿ ಕೇಡು ಮಾಡುವವನು ಕಳ್ಳನೂ ಅಲ್ಲ, ರಾಕ್ಷಸನೂ ಅಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಕೆಲಸಕ್ಕೆ ಹೋಗುವ ಮನುಷ್ಯ. ಯಾರ ಸರದಿಯೋ ಅವರು ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು, ಪುಸ್ತಕ ಮುಚ್ಚಿಟ್ಟು, ತಮ್ಮ ಮನೆಮಾತಿನಲ್ಲಿ ‘ನಾನು’ ಅಂತ ಆ ಕೇಡಿಗನ ಬಾಯಿಂದಲೇ ಹೇಳಬೇಕು. ಆಮೇಲೆ ಉಳಿದವರು ಪಂಚರಾಗಿ ಕೂತು ಪ್ರಶ್ನೆ ಕೇಳುತ್ತಾರೆ. ಅದು ಮುಗಿಯುವ ತನಕ ಪಾತ್ರ ಬಿಟ್ಟು ಹೊರಗೆ ಬರುವಂತಿಲ್ಲ.

ಆ ವರ್ಷ ಪಕ್ಕದ ಐಂಡ್‌ಹೋವನ್‌ನ ರಾಜ್ಯೋತ್ಸವದಲ್ಲಿ ನಮ್ಮ ಗುಂಪಿನ ಒಬ್ಬರಿಗೆ ವೇದಿಕೆಯ ಮೇಲೆ ಕಥೆ ಹೇಳುವ ಅವಕಾಶ ಬಂತು. ಆ ಒಬ್ಬರು ನಾನೇ ಆಗಬೇಕು ಅಂತ ನನಗಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ನಮ್ಮಪ್ಪ ಗದಗಿನ ಹತ್ತಿ ಪೇಟೆಯಲ್ಲಿ ಹಮಾಲಿ ಮಾಡಿದವರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಗುಂಪಿನಲ್ಲಿದ್ದ ನನ್ನ ಗೆಳತಿ ಮಾತ್ರ ಧಾರವಾಡದ ಪ್ರೊಫೆಸರರ ಮಗಳು, ಪುಸ್ತಕದ ಕಪಾಟುಗಳ ನಡುವೆ ಅಂಬೆಗಾಲಿಟ್ಟವಳು. ನಾನು ಒಂದು ಕಥೆಯನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಿದ್ದೆ. ಅವಳು ಬಸ್ಸಿನಲ್ಲಿ ಬರುತ್ತಾ ಅರ್ಧ ಓದಿ, ಉಳಿದದ್ದನ್ನು ಊಹಿಸಿ, ಕಿತ್ತಳೆ ಸುಲಿಯುತ್ತಾ ಮಾತಾಡುವಳು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಸುರುಳಿಯಾಗಿ ತಟ್ಟೆಗೆ ಬೀಳುತ್ತಿತ್ತು. ಎಲ್ಲರೂ ತಲೆದೂಗುವರು. ಎಲ್ಲರಿಗಿಂತ ಮೊದಲು ನಾನು, “ಎಷ್ಟ್ ಛಂದ ಹೇಳ್ತಿ ನೀ,” ಅನ್ನುತ್ತಿದ್ದೆ. ಎದುರುಗಾಳಿಗೆ ಸೈಕಲ್ ತುಳಿಯುತ್ತಾ ಮನೆಗೆ ಬರುವಾಗ ಅವಳು ಆಡಿದ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಸಂಕಟ ಅದೇ.

ಅಕ್ಟೋಬರಿನಲ್ಲಿ ನನ್ನ ಸರದಿ ಬಂತು. ನಾನು ಆರಿಸಿದ್ದು ಕುಂಚ ಕಟ್ಟುವ ಇಬ್ಬರ ಕಥೆ. ಒಬ್ಬ ಗುರುವಿನ ಮಗ. ಇನ್ನೊಬ್ಬ ಎಲ್ಲಿಂದಲೋ ಬಂದು ಕಲಿತವನು. ಹೊರಗಿನವನು ದಿನಾ ಬೆಳಿಗ್ಗೆ ಹೋಗಿ ಗುರುವಿನ ಮಗನ ಕುಂಚವನ್ನು ಹೊಗಳುತ್ತಾನೆ. ನಿನ್ನೆಯದಕ್ಕಿಂತ ಇಂದಿನದು ಮೇಲು ಅನ್ನುತ್ತಾನೆ. ನಾಳೆಯದು ಇನ್ನೂ ಮೇಲಾಗಬೇಕಲ್ಲ ಎಂಬ ಭಯ ಗುರುವಿನ ಮಗನಿಗೆ ಹತ್ತುತ್ತದೆ. ಕೊನೆಗೆ ಅವನ ಕೈ ನಡುಗಲು ಶುರುವಾಗಿ ಕೆಲಸವೇ ನಿಂತುಹೋಗುತ್ತದೆ. ಆ ಹೊಗಳಿದವನಾಗಿ ನಾನು ಕಥೆ ಹೇಳಿದೆ.

ಪಂಚರ ಹಿರಿಯ ಶಿವಾಜಿನಗರದಲ್ಲಿ ಬೆಳೆದ ಇಂಜಿನಿಯರ್, ನಮಗೆಲ್ಲ ಭಾಯ್. “ಆರೋಪಿ, ಸರಿಯಾಗ್ ಕೂತ್ಕೊಳಿ,” ಎಂದರು. “ಹೊಗಳೋದು ಅಪರಾಧ ಹೇಗಾಗುತ್ತೆ? ನಮ್ ಆಫೀಸಲ್ಲಿ ಯಾರೂ ಹೊಗಳಲ್ಲ, ಅದಕ್ಕೇ ಡೌಟು.”

“ಹೊಗಳಲಿಲ್ಲಂದ್ರ ನನ್ನ ಹೊಟ್ಟಿಕಿಚ್ಚು ಮಂದಿಗೆ ಕಾಣ್ತಿತ್ತಲ್ರೀ.”

“ಅವನು ನಿಮಗೇನ್ ಮಾಡಿದ್ದ?”

“ಏನೂ ಮಾಡಿರ್ಲಿಲ್ಲ. ಅದ ನೋಡ್ರಿ ಅಂವನ ತಪ್ಪು. ಒಂದ್ ಸಲ ಬೈದಿದ್ರ ನಾ ಆರಾಮಿರ್ತಿದ್ದೆ.”

ಎಲ್ಲರೂ ನಕ್ಕರು. ಗೆಳತಿ ಕಿತ್ತಳೆ ಸುಲಿಯುತ್ತಾ ಕೇಳಿದಳು, “ಅಂವನ ಕುಂಚದಾಗ ಅಂಥಾದ್ದೇನಿತ್ತು?”

“ಕುಂಚದಾಗಲ್ಲ, ಕೈಯಾಗ. ನಾ ಒಂದೊಂದ ಕೂದಲಾ ನೋಡಿ ನೋಡಿ ಕಟ್ಟಾಂವ. ಅಂವಾ ಮಾತಾಡ್ಕೋತ ಕಟ್ಟಾಂವ. ಹಣ್ಣ ಸುಲದ್ರೂ ಸಿಪ್ಪಿ ಹರೀತಿರ್ಲಿಲ್ಲ ಅಂವಂದು. ನಾ ಹೆಂಗ ಇಲ್ಲೀತನಕ ಬಂದೆ ಅಂತ ಅಂವಗ ಗೊತ್ತಿರ್ಲಿಲ್ಲ. ಕೇಳ್ಲೂ ಇಲ್ಲ.”

ಹೇಳಿ ಮುಗಿಸಿದ ಮೇಲೆ ನನಗೆ ಗೊತ್ತಾಯಿತು, ನಾನು ಆ ಕುಂಚದವನನ್ನು ಬಿಟ್ಟು ಎಷ್ಟೋ ದೂರ ಬಂದಿದ್ದೆ. ಕಿತ್ತಳೆ ಸುಲಿಯುತ್ತಿದ್ದ ಗೆಳತಿಯ ಕೈ ನಿಂತಿತ್ತು. ಉಳಿದವರು ಚೂಡಾದ ಡಬ್ಬಿಯತ್ತ ವಾಲಿದ್ದರು, ಯಾರೂ ಗಮನಿಸಲಿಲ್ಲ.

“ರಾಜ್ಯೋತ್ಸವಕ್ಕೆ ಯಾರು ಅಂತ ಇವತ್ತೇ ಹೇಳ್ಬೇಕು,” ಎಂದರು ಭಾಯ್. “ಅದರಲ್ಲಿ ಕೇಳೋದೇನಿದೆ ಬಿಡಿ,” ಎಂದು ಅವಳ ಕಡೆ ನೋಡಿದರು.

“ನಾ ಅಲ್ಲ ಭಾಯ್,” ಎಂದಳು. “ಇಕೀನ ಹೇಳ್ಲಿ, ಇದ ಕಥೀನ. ನಾ ಹೇಳಿದ್ರ ಎಲ್ಲಾ ತಿಳಕೊಂಡು ಹೇಳಿದಂಗಿರ್ತದ. ಇಕಿದು ಹಂಗಿರ್ಲಿಲ್ಲ, ಒಳಗಿಂದ ಬಂದಂಗಿತ್ತು.”

ಅವಳು ಅಂದ ಮೇಲೆ ಎಲ್ಲರೂ ಹೂಂ ಅಂದರು. ನನಗೆ ಬೇಕಾದದ್ದು ನನಗೆ ಸಿಕ್ಕಿತು. ಅವಳ ಕೈಯಿಂದ ಸಿಕ್ಕಿತು.

ಬಾಗಿಲ ಬಳಿ ಬೂಟು ಹಾಕಿಕೊಳ್ಳುವಾಗ ನಾವಿಬ್ಬರೇ ಇದ್ದೆವು.

“ಪುಸ್ತಕದಾಗ ಹಣ್ಣಿನ ಸುದ್ದಿ ಇಲ್ಲ,” ಎಂದಳು. “ಈ ಸಲ ಪೂರಾ ಓದೀನಿ.”

“ಹೌದು, ಪುಸ್ತಕದಾಗಿಲ್ಲ,” ಎಂದೆ.

“ಯಾವಾಗಿಂದ ಈ ಹೊಟ್ಟಿಕಿಚ್ಚು?”

“ಮೊದಲಿಂದ.”

ಅವಳು ಮಫ್ಲರ್ ಸುತ್ತಿಕೊಂಡಳು. “ಹೇಳಬೇಕಿಲ್ಲೇನ? ಚಲೋ ಬೈತಿದ್ದೆ ನಿನಗ,” ಎಂದು ಬಸ್ಸಿಗೆ ಹೊರಟಳು.

ರಾಜ್ಯೋತ್ಸವದ ದಿನ ಇಳಕಲ್ ಸೀರೆ ಉಟ್ಟು ಆ ಕಥೆ ಹೇಳಿದೆ. ಜನ ಕೇಳಿದರು, ಚಪ್ಪಾಳೆ ಬಿತ್ತು. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಚಪ್ಪಾಳೆಯ ಖುಷಿಯಲ್ಲಿರಬೇಕಾಗಿತ್ತು. ಬದಲಿಗೆ, ಇಷ್ಟು ಸಲೀಸಾಗಿ ಬಿಟ್ಟುಕೊಡಲು ಇವಳಿಗೆ ಹೇಗೆ ಬಂತು ಅಂತ ಉರಿಯುತ್ತಿದ್ದೆ. ಬಿಟ್ಟುಕೊಡುವುದಕ್ಕೂ ಹುಟ್ಟಿನಿಂದ ತುಂಬಿದ ಮನೆ ಬೇಕು. ನಾನು ಹಿಡಿದದ್ದನ್ನು ಬಿಟ್ಟಿದ್ದರೆ ಇವತ್ತಿಗೂ ಗದಗಿನಲ್ಲೇ ಇರುತ್ತಿದ್ದೆ. ವೇದಿಕೆ ನನ್ನದಾಯಿತು, ದೊಡ್ಡತನ ಅವಳಲ್ಲೇ ಉಳಿಯಿತು.

ಕಾಫಿಯ ಸಾಲಿನಲ್ಲಿ ಅವಳ ಹಿಂದೆ ನಿಂತು ಕೇಳಿದೆ, “ಹೆಂಗಾತು?”

“ನಡುವ ಅವಸರ ಮಾಡಿದಿ,” ಎಂದಳು. “ಕೈ ನಡುಗೋದನ್ನ ಇನ್ನಷ್ಟು ತಡದು ಹೇಳಬೇಕಿತ್ತು.”

ಅವಳು ಹೇಳಿದ್ದು ನಿಜವಾಗಿತ್ತು. ನನ್ನ ಮುಖ ಗಂಟಿಕ್ಕಿತು. ಅದನ್ನು ಸರಿಮಾಡಿಕೊಳ್ಳದೆ, ಮೊದಲೆಲ್ಲ ತಂದುಕೊಳ್ಳುತ್ತಿದ್ದ ನಗೆಯನ್ನೂ ತಂದುಕೊಳ್ಳದೆ, ಅವಳ ಎದುರಿಗೇ ನಿಂತು ಕಾಫಿ ಕುಡಿದೆ.