ಲೇಡೀಸ್‌ಗೆ ಸಾಕಾಗುವ ಟ್ರೆಡ್‌ಮಿಲ್

ನನ್ನ ಗಂಡ ನನಗಾಗಿ ಟ್ರೆಡ್‌ಮಿಲ್ ಕೊಂಡಾಗ ಎಲ್ಲರೂ ಅವರನ್ನು ಹೊಗಳಿದರು. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವಳು, 'ನಿಮ್ ಯಜಮಾನ್ರು ಗ್ರೇಟ್ ಕಣ್ರೀ. ನಮ್ಮೋರಿಗೆ ಮಿಕ್ಸಿ ರಿಪೇರಿ ಮಾಡ್ಸಿ ಅಂತ ಹೇಳಿ ಮೂರು ತಿಂಗಳಾಯ್ತು' ಎಂದು ನಕ್ಕಳು. ನಾನೂ ನಕ್ಕೆ. ಆ ಯಂತ್ರ ನಮ್ಮ ಮನೆಗೆ ಯಾಕೆ ಬಂತು ಎನ್ನುವುದನ್ನು ಅವಳಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ನಾನು ಬೆಳೆದದ್ದು ದಾಸರಹಳ್ಳಿಯಲ್ಲಿ. ಅಪ್ಪ ಪೀಣ್ಯದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಶಾಲೆಯಲ್ಲಿದ್ದಾಗ ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಜಿಲ್ಲಾ ಮಟ್ಟದವರೆಗೂ ಹೋಗಿದ್ದೆ. ಹತ್ತನೇ ತರಗತಿ ಮುಗಿದ ಮೇಲೆ ಓಟ ನಿಂತಿತು. ಯಾರೂ ಬೇಡ ಎನ್ನಲಿಲ್ಲ, ಯಾರೂ ಓಡು ಎಂದೂ ಹೇಳಲಿಲ್ಲ. ಆಮೇಲೆ ಡಿಪ್ಲೊಮಾ, ಪೀಣ್ಯದಲ್ಲೇ ಕೆಲಸ, ಮದುವೆ, ಮಗಳು. ಯಂತ್ರದ ಬಿಡಿಭಾಗಗಳನ್ನು ಅಳೆದು ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ನನ್ನ ಗಂಡ ಹತ್ತಿರದ ಇನ್ನೊಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದಾರೆ.

ಮಗಳು ಓದಿಗೆಂದು ಹಾಸ್ಟೆಲ್ ಸೇರಿದ ವರ್ಷ ನನಗೆ ನಲವತ್ತೆರಡು. ಬೆಳಿಗ್ಗೆ ಅವಳ ಟಿಫನ್ ಡಬ್ಬಿ, ಜಡೆ, ಗಡಿಬಿಡಿ ಎಲ್ಲ ಹೋಗಿ ಒಂದು ಗಂಟೆ ಹೊತ್ತು ಸುಮ್ಮನೆ ಉಳಿಯತೊಡಗಿತು. ಒಂದು ಜೊತೆ ಶೂ ತೆಗೆದುಕೊಂಡೆ. ಚಿಕ್ಕಬಾಣಾವರದ ನಮ್ಮ ಬಾಡಿಗೆ ಮನೆಯಿಂದ ಕೆರೆಯ ಕಡೆಗೆ ಹತ್ತು ನಿಮಿಷದ ದಾರಿ. ಮೊದಲ ದಿನ ಒಂದು ಲೈಟ್ ಕಂಬದಿಂದ ಮೂರನೇ ಕಂಬಕ್ಕೆ ಹೋಗುವಷ್ಟರಲ್ಲಿ ಉಸಿರು ಸಿಕ್ಕಿಕೊಂಡು ಸೊಂಟ ಹಿಡಿದು ನಿಂತೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು, 'ಏನಮ್ಮ, ಬಸ್ ಮಿಸ್ ಆಯ್ತಾ?' ಎಂದು ಕೇಳಿದರು. ಆದರೆ ಕಾಲುಗಳು ಮರೆತಿರಲಿಲ್ಲ. ನಾಲ್ಕನೇ ತಿಂಗಳಿಗೆ ಐದು ಕಿಲೋಮೀಟರ್ ನಿಲ್ಲದೆ ಓಡಿದೆ. ಆ ದಿನ ಮನೆಗೆ ಬಂದು ಚಪಾತಿ ಹಿಟ್ಟು ಕಲಸುತ್ತಾ ನನ್ನಷ್ಟಕ್ಕೆ ನಾನೇ ಹಾಡುತ್ತಿದ್ದೆನಂತೆ. ಗಂಡ ಬಂದು, 'ಏನು ಇವತ್ತು, ಬೋನಸ್ಸಾ?' ಎಂದರು.

ಇದಾಗಿ ಒಂದು ತಿಂಗಳಿಗೆ, ಕೆರೆಯಿಂದ ವಾಪಸ್ ಬರುತ್ತಿದ್ದಾಗ, ಹಿಂದಿನಿಂದ ಒಂದು ಸ್ಕೂಟರ್ ಬಂತು. ಚೆನ್ನಾಗಿ ಬೆಳಕಾಗಿತ್ತು. ಹಾಲಿನ ಅಂಗಡಿ ತೆರೆದಿತ್ತು. ಅವನು ನನ್ನ ಪಕ್ಕಕ್ಕೆ ಬಂದಾಗ ವೇಗ ಕಡಿಮೆ ಮಾಡಿ, ಕೈ ಚಾಚಿ, ನನ್ನ ಎದೆಯನ್ನು ಹಿಡಿದು ಹಿಂಡಿ, ಮುಂದಕ್ಕೆ ಹೋದ. ಒಂದು ಕ್ಷಣ ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಓಡಿದೆ. ಅವನ ಹಿಂದೆಯೇ ಓಡಿದೆ. ಶಾಲೆಯಲ್ಲಿ ಕೂಡ ನಾನು ಹಾಗೆ ಓಡಿರಲಿಲ್ಲ.

ರೈಲ್ವೆ ಕೆಳಸೇತುವೆಯ ಬಾಯಲ್ಲಿ ಒಂದು ನೀರಿನ ಟ್ಯಾಂಕರ್ರೂ ಒಂದು ಫ್ಯಾಕ್ಟರಿ ಬಸ್ಸೂ ಎದುರುಬದುರು ಸಿಕ್ಕಿಕೊಂಡು ಗಾಡಿಗಳೆಲ್ಲ ನಿಂತಿದ್ದವು. ಅವನೂ ಸಿಕ್ಕಿಬಿದ್ದಿದ್ದ. ನಾನು ಹೋಗಿ ಸ್ಕೂಟರಿನ ಕೀ ಕಿತ್ತುಕೊಂಡೆ. 'ಹೆಲ್ಮೆಟ್ ತೆಗಿ' ಎಂದೆ. ಅವನು ಮುಂದಿನ ಗಾಜು ಮೇಲಕ್ಕೆತ್ತಿದ. ನಮ್ಮ ಮನೆ ಓನರಮ್ಮನ ಅಣ್ಣನ ಮಗ. ಪಕ್ಕದ ಕಟ್ಟಡದಲ್ಲೇ ಇರುವವನು. ಮೂವತ್ತು ದಾಟಿದವನು, ಎಲ್‌ಕೆಜಿಗೆ ಹೋಗುವ ಮಗಳಿರುವವನು. ದಿನಾ ಮೆಟ್ಟಿಲ ಹತ್ತಿರ ಸಿಕ್ಕಾಗ 'ಊಟ ಆಯ್ತಾ ಅಕ್ಕ' ಎನ್ನುವವನು.

ಅವನ ಮುಖ ಬಿಳಿಚಿಕೊಂಡಿತು. 'ಅಯ್ಯೋ ಅಕ್ಕಾ, ನೀವಾ? ನೀವು ಅಂತ ಗೊತ್ತಾಗ್ಲಿಲ್ಲ' ಎಂದ.

ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಅವನು ನಿಜವಾಗಿಯೂ ಕ್ಷಮೆ ಕೇಳುತ್ತಿದ್ದ. ಬೇರೆ ಯಾರೋ ಎಂದುಕೊಂಡು ಮಾಡಿದ್ದಕ್ಕೆ.

ಜನ ಸೇರಿದರು. ನಾನು ಜೋರಾಗಿಯೇ ಹೇಳಿದೆ, ಇವನು ಏನು ಮಾಡಿದ ಅಂತ. ಓಡಿದ ಏದುಸಿರು ಇನ್ನೂ ನಿಂತಿರಲಿಲ್ಲ. ಒಬ್ಬರು, 'ಗೊತ್ತಿರೋರೇ ಅಂತೀರಲ್ಲ ಮೇಡಂ, ಮನೆಗೆ ಹೋಗಿ ಮಾತಾಡ್ಕೊಳ್ಳಿ' ಎಂದರು. ಇನ್ನೊಬ್ಬರು, 'ಕೀ ಕೊಟ್ಬಿಡಿ ಮೇಡಂ, ಹಿಂದೆ ಎಲ್ರಿಗೂ ಡ್ಯೂಟಿಗೆ ಲೇಟಾಗ್ತಿದೆ' ಎಂದರು. ಅಷ್ಟರಲ್ಲಿ ಟ್ಯಾಂಕರ್ ಹಿಂದಕ್ಕೆ ಸರಿದು ದಾರಿಯಾಯಿತು. ಹಾರ್ನುಗಳು ಶುರುವಾದವು. ನಾನು ಕೀಯನ್ನು ನೆಲಕ್ಕೆಸೆದು ಮನೆಗೆ ನಡೆದೆ.

ಗಂಡ ಎಲ್ಲ ಕೇಳಿಸಿಕೊಂಡರು. ಮುಖ ಕೆಂಪಾಯಿತು. ಶರ್ಟು ಹಾಕಿಕೊಂಡು ಕೆಳಗಿಳಿದು ಹೋದರು. ಸ್ಟೇಷನ್‌ಗೆ ಹೋಗಲು ನನ್ನನ್ನೂ ಕರೆಯುತ್ತಾರೆಂದು ನಾನು ಸೀರೆ ಉಟ್ಟು ಕಾದೆ. ಅರ್ಧ ಗಂಟೆಯ ಮೇಲೆ ವಾಪಸ್ ಬಂದವರು ಚಪ್ಪಲಿ ಬಿಡುತ್ತಾ, 'ಓನರ್ ಹತ್ರ ಮಾತಾಡಿದೀನಿ. ಅವನಿಗೆ ಬುದ್ಧಿ ಹೇಳ್ತಾರಂತೆ. ಬಿಟ್ಬಿಡು' ಎಂದರು.

'ಬುದ್ಧಿ ಹೇಳೋದಾ?'

'ಮತ್ತಿನ್ನೇನು ಮಾಡೋಣ? ಕಂಪ್ಲೇಂಟ್ ಕೊಟ್ಟು ಇದೇ ಮನೇಲಿ ಇರೋಕಾಗುತ್ತಾ? ಈ ಬೀದಿ ಪೂರ್ತಿ ಅವ್ರ ನೆಂಟರೇ.'

ಅದೇ ಸಂಜೆ ಓನರಮ್ಮ ಒಂದು ಮೊರದಲ್ಲಿ ಅವರೆಕಾಯಿ ತುಂಬಿಕೊಂಡು ಮೇಲೆ ಬಂದರು. ಈ ಕಟ್ಟಡಗಳಿರುವ ಜಾಗದಲ್ಲಿ ಒಂದು ಕಾಲದಲ್ಲಿ ಅವರು ರಾಗಿ ಕೊಯ್ದವರು. ಕೆಟ್ಟ ಹೆಂಗಸಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟಿದ್ದರು. 'ನಮ್ ಉಡುಗ ಅಂತೋನಲ್ಲ ಕಣವ್ವ. ಗಾಡಿ ಮ್ಯಾಲಿಂದ ಕೈ ತಗಲಿರ್ತದೆ. ನೀನೂ ಅಷ್ಟೊತ್ಗೆ ಅಂಗೆ ರೋಡಲ್ಲಿ ಓಡಾದು ಯಾಕವ್ವ? ನೋಡೋರ ಕಣ್ಣು ಒಂದೇ ತರ ಇರ್ತದಾ?' ಎಂದರು. ನಾನು ಅವರೆಕಾಯಿಯನ್ನು ಮುಟ್ಟಲಿಲ್ಲ. ಗಂಡನೇ ಅದನ್ನು ಒಳಗಿಟ್ಟರು.

ಮೂರು ವಾರ ನಾನು ಓಡಲಿಲ್ಲ. ನಾಲ್ಕನೇ ವಾರ ಶೂ ಕಟ್ಟಿಕೊಳ್ಳುತ್ತಿರುವುದನ್ನು ಗಂಡ ನೋಡಿದರು. ಆ ಭಾನುವಾರ, 'ಬಾ, ನಿನಗೊಂದು ಸರ್‌ಪ್ರೈಸ್' ಎಂದು ಬೈಕಿನಲ್ಲಿ ಕೂರಿಸಿಕೊಂಡು ನಾಗಸಂದ್ರದ ಕಡೆ ಕರೆದುಕೊಂಡು ಹೋದರು. ವ್ಯಾಯಾಮದ ಯಂತ್ರಗಳನ್ನು ಮಾರುವ ಅಂಗಡಿ. ಅಲ್ಲಿನ ಸೇಲ್ಸ್‌ಮನ್ ಮೊದಲಿಂದ ಕೊನೆಯವರೆಗೂ ಗಂಡನ ಜೊತೆಯೇ ಮಾತಾಡಿದ.

'ಮೇಡಂ ವೆಯ್ಟ್ ಎಷ್ಟು ಸಾರ್? ಎಷ್ಟು ಕೆಜಿ ಇಳಿಸ್ಬೇಕು ಅಂತಿದ್ದಾರೆ?'

'ನನಗೆ ತೂಕ ಇಳಿಸೋದು ಬೇಕಾಗಿಲ್ಲ. ಓಡ್ಬೇಕು' ಎಂದೆ.

ಅವನು ಗಂಡನ ಕಡೆ ನೋಡಿ ನಕ್ಕ. ಕಿಟಕಿಯ ಹತ್ತಿರ ಒಂದು ದೊಡ್ಡ ಯಂತ್ರವಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿ ವೇಗ ಹೆಚ್ಚಿಸುತ್ತಾ ಹೋದೆ. ಗಂಟೆಗೆ ಹನ್ನೆರಡು ಕಿಲೋಮೀಟರಿಗೆ ಬಂದಾಗ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಓಡುತ್ತಿದ್ದೆ. 'ಮೇಡಂ, ಮೇಡಂ, ಡೆಮೊ ಪೀಸು, ಮೆಲ್ಲಗೆ' ಎಂದು ಅವನು ಬಂದು ಯಂತ್ರ ನಿಲ್ಲಿಸಿದ. ಆಮೇಲೆ ಗಂಡನನ್ನು ಮೂಲೆಯಲ್ಲಿದ್ದ ಚಿಕ್ಕದೊಂದರ ಬಳಿ ಕರೆದೊಯ್ದು, 'ಸಾರ್, ಮನೇಲಿ ಲೇಡೀಸ್‌ಗೆ ಇದು ಸಾಕು. ಹತ್ತರವರೆಗೂ ಸ್ಪೀಡ್ ಹೋಗುತ್ತೆ, ಮಡಚಿ ಇಡ್ಬಹುದು' ಎಂದ. ಗಂಡ ಅದನ್ನೇ ಆರಿಸಿದರು. 'ಇನ್ಮೇಲೆ ನಿನಗೆ ಯಾವ ತಾಪತ್ರಯಾನೂ ಇಲ್ಲ' ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ನೆನೆದರೆ ಆ ಅಂಗಡಿಯಲ್ಲಿ ಸುಮ್ಮನಿದ್ದದ್ದೇ ನಾನು ಮಾಡಿದ ದೊಡ್ಡ ತಪ್ಪು ಅನ್ನಿಸುತ್ತದೆ.

ಯಂತ್ರ ಬಂದ ದಿನದ ಸಂಗತಿಯನ್ನು ಬರೆಯಲು ಕಷ್ಟವಾಗುತ್ತದೆ. ತಂದ ಇಬ್ಬರಿಗೆ ಅದನ್ನು ನಮ್ಮ ಮೆಟ್ಟಿಲಿನ ತಿರುವಿನಲ್ಲಿ ತಿರುಗಿಸಲು ಆಗಲಿಲ್ಲ. ಮೊದಲ ಮಹಡಿಯ ಓನರಮ್ಮ ಬಾಗಿಲಿಗೆ ಬಂದು ನೋಡಿ, ಪಕ್ಕದ ಕಟ್ಟಡದ ಕಡೆ ತಿರುಗಿ ಅಣ್ಣನ ಮಗನನ್ನು ಕೂಗಿದರು. ಅವನು ಬಂದ. ಲುಂಗಿ ಎತ್ತಿ ಕಟ್ಟಿ ಯಂತ್ರದ ಮುಂಭಾಗಕ್ಕೆ ಹೆಗಲು ಕೊಟ್ಟ. ಎರಡನೇ ಮಹಡಿ ಹತ್ತಿಸಿ, ನಮ್ಮ ಬಾಗಿಲು ದಾಟಿ, ನನ್ನ ಮಗಳ ಕೋಣೆಯೊಳಗೆ ಬಂದು ಅವಳ ಮಂಚದ ಪಕ್ಕದಲ್ಲಿ ಅದನ್ನು ಇಳಿಸಿದ. ಮುಖ ಒರೆಸಿಕೊಳ್ಳುತ್ತಾ ಗೋಡೆಯ ಮೇಲಿನ ಅವಳ ಫೋಟೋಗಳನ್ನು ನೋಡಿದ.

ಗಂಡ ಅವನ ಬೆನ್ನು ತಟ್ಟಿದರು. 'ಥ್ಯಾಂಕ್ಸ್ ಗುರು, ನೀನಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ' ಎಂದು ಹೇಳಿ, ನನ್ನ ಕಡೆ ತಿರುಗಿ, 'ಒಂದು ಲೋಟ ಮಜ್ಜಿಗೆ ಕೊಡು' ಎಂದರು.

ನಾನು ಅಡುಗೆಮನೆಗೆ ಹೋದೆ. ಮಜ್ಜಿಗೆಯ ಪಾತ್ರೆಯ ಮುಂದೆ ನಿಂತೆ. ಅಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಗಂಡನೇ ಬಂದು ಲೋಟಕ್ಕೆ ಬಗ್ಗಿಸಿಕೊಂಡು ಹೋದರು. ಅವನು ಹೋಗುವಾಗ ಹಾಲ್‌ನಿಂದ 'ಬರ್ತೀನಿ ಅಕ್ಕ' ಎಂದದ್ದು ಕೇಳಿಸಿತು.

ಅವನು ಹೋದ ಮೇಲೆ ಗಂಡನನ್ನು ಕೇಳಿದೆ. 'ಅವನು ಯಾರು ಅಂತ ನೆನಪಿದೆಯಾ ನಿಮಗೆ?'

'ಎಷ್ಟು ದಿನ ಅಂತ ಅದನ್ನೇ ಹಿಡ್ಕೊಂಡಿರ್ತೀಯ? ಈಗ ಮನೇಲೇ ಓಡ್ತೀಯಲ್ಲ, ಮುಗೀತಲ್ಲ' ಎಂದರು. ಅವರ ಪಾಲಿಗೆ ಮುಗಿದಿತ್ತು.

ಮಾರನೇ ದಿನದಿಂದ ನಾನು ಕೋಣೆಯಲ್ಲಿ ಓಡತೊಡಗಿದೆ. ಎದುರಿಗೆ ಕಿಟಕಿ, ಕಿಟಕಿಯಾಚೆ ಕೈಗೆಟುಕುವಷ್ಟು ದೂರದಲ್ಲಿ ಪಕ್ಕದ ಕಟ್ಟಡದ ಸಿಮೆಂಟು ಗೋಡೆ. ಬೆಲ್ಟು ಗಿಡ್ಡ. ಹೆಜ್ಜೆಯನ್ನು ಸ್ವಲ್ಪ ಬೀಸಿದರೂ ಪಾದ ಮುಂದಿನ ಮೋಟಾರು ಮುಚ್ಚಳಕ್ಕೆ ಬಡಿಯುತ್ತಿತ್ತು. ಹೀಗಾಗಿ ಹೆಜ್ಜೆ ಚಿಕ್ಕದು ಮಾಡಿಕೊಂಡೆ. ಒಂದು ವಾರಕ್ಕೆ ಓನರಮ್ಮ ಮೇಲೆ ಬಂದು, 'ಯಾರೋ ತಲೆ ಮ್ಯಾಲೆ ರಾಗಿ ಕುಟ್ದಂಗಾಗ್ತದೆ ಕಣವ್ವ. ಬೆಳ್ಗೆ ಬೆಳ್ಗೆ ಬ್ಯಾಡ' ಎಂದರು. ರಬ್ಬರ್ ಹಾಸು ತಂದು ಹಾಕಿದೆವು. ಅದಕ್ಕೂ ಸದ್ದು ನಿಲ್ಲಲಿಲ್ಲ. ಕೊನೆಗೆ ಗಂಡ ಕೆಳಗೆ ಹೋಗಿ ಮಾತಾಡಿ ಒಂದು ಒಪ್ಪಂದ ಮಾಡಿಕೊಂಡು ಬಂದರು: ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎಷ್ಟು ಬೇಕಾದರೂ ಓಡಬಹುದು. ವಾರದಲ್ಲಿ ಆರು ದಿನ ಆ ಹೊತ್ತಿಗೆ ನಾನು ಪೀಣ್ಯದಲ್ಲಿರುತ್ತೇನೆ ಎನ್ನುವುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದರೋ ತಿಳಿಯದು.

ಉಳಿದದ್ದು ಭಾನುವಾರ. ಒಂದು ಭಾನುವಾರ ಹತ್ತರ ವೇಗದಲ್ಲಿ ಓಡುತ್ತಿದ್ದಾಗ ಕರೆಂಟು ಹೋಯಿತು. ಬೆಲ್ಟು ನಿಂತಿತು, ನಾನು ನಿಲ್ಲಲಿಲ್ಲ. ಗಲ್ಲ ಹಿಡಿಕೆಗೆ ಬಡಿದು ಸೀಳಿತು. ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕುವಾಗ ಗಂಡ, 'ಸ್ವಲ್ಪ ನಿಧಾನಕ್ಕೆ ಓಡೋಕಾಗಲ್ವಾ? ಯಾರು ಅಟ್ಟಿಸ್ಕೊಂಡು ಬರ್ತಿದಾರೆ?' ಎಂದರು. ನರ್ಸ್ ನಕ್ಕಳು. ನನಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಆದರೂ ಅವರನ್ನೇ ದಿಟ್ಟಿಸಿ ನೋಡಿದೆ. ತಾವು ಹೇಳಿದ್ದೇನು ಎಂದು ಅವರಿಗೆ ತಿಳಿಯಿತು ಅನ್ನಿಸುತ್ತದೆ. ಹೊರಗೆ ಹೋಗಿ ಕುಳಿತರು.

ಅದಾದ ಮೇಲೆ ನಾನು ಯಂತ್ರದ ಮೇಲೆ ಹತ್ತಲಿಲ್ಲ. ಮಗಳು ರಜೆಗೆ ಬಂದಾಗ, 'ಅಮ್ಮಾ, ನನ್ನ ರೂಮಲ್ಲಿ ಕಾಲಿಡೋಕೆ ಜಾಗ ಇಲ್ಲ' ಎಂದು ಗೊಣಗಿದಳು. ಮಾರೋಣ ಎಂದು ನಾನೇ ಹೇಳಿದೆ. ಗಂಡನಿಗೆ ನೋವಾಯಿತು. ಒಂದು ದಿನ ಮಾತು ಬಿಟ್ಟು, ಮರುದಿನ ಫೋನಿನಲ್ಲಿ ಜಾಹೀರಾತು ಹಾಕಿದರು.

ನೋಡಲು ಬಂದವರು ಮಾಗಡಿ ರಸ್ತೆಯ ಕಡೆಯ ಒಬ್ಬ ತಂದೆ ಮತ್ತು ಅವರ ಮಗಳು. ಹುಡುಗಿಗೆ ಹದಿನೇಳಿರಬಹುದು. ಉದ್ದ ಕಾಲು, ಬಿಗಿಯಾಗಿ ಕಟ್ಟಿದ ಕೂದಲು. ಅವಳು ನಿಂತ ರೀತಿಯಲ್ಲೇ ಓಡುವವಳು ಎಂದು ಗೊತ್ತಾಯಿತು.

'ಯಾಕೆ ಸಾರ್ ಮಾರ್ತಿದೀರ? ಏನಾದ್ರೂ ರಿಪೇರಿ ಇದೆಯಾ?' ಎಂದು ತಂದೆ ಕೇಳಿದರು.

'ಇಲ್ಲ ಸಾರ್, ಹೊಸದರ ಹಾಗೇ ಇದೆ. ಇವಳಿಗೆ ಟೈಮ್ ಸಿಗಲ್ಲ' ಎಂದರು ಗಂಡ.

ಹುಡುಗಿ ಹತ್ತಿದಳು. ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಪಾದ ಮುಂದಿನ ಮುಚ್ಚಳಕ್ಕೆ ಬಡಿಯಿತು. ಇಳಿದು ನಿಂತಳು.

'ಹೊರಗೆ ಓಡ್ತಿದ್ಯಾ?' ಎಂದು ಕೇಳಿದೆ.

ಉತ್ತರ ತಂದೆಯಿಂದ ಬಂತು. 'ಸ್ಟೇಟ್ ಲೆವೆಲ್‌ವರೆಗೂ ಹೋಗಿದಾಳೆ ಮೇಡಂ. ಈಗ ನಮ್ ಕಡೆ ನಾಯಿಗಳ ಕಾಟ. ಸುಮ್ನೆ ರಿಸ್ಕ್ ಯಾಕೆ ಅಂತ.'

ನಾಯಿಗಳು ಎಂದಾಗ ಹುಡುಗಿ ಒಮ್ಮೆ ತಂದೆಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ನನಗೆ ಅಷ್ಟು ಸಾಕಿತ್ತು.

'ಇದನ್ನ ತಗೋಬೇಡಿ' ಎಂದೆ. ಗಂಡ ತಟ್ಟನೆ ನನ್ನ ಕಡೆ ತಿರುಗಿದರು. ನಾನು ಮುಂದುವರಿಸಿದೆ. 'ಇದು ಓಡೋರಿಗಲ್ಲ. ಬೆಲ್ಟ್ ಉದ್ದ ಸಾಲಲ್ಲ. ಇವಳ ಹೆಜ್ಜೆ ಹಾಳಾಗುತ್ತೆ. ಇವಳು ಹೊರಗೇ ಓಡ್ಲಿ ಸಾರ್. ನೀವು ಜೊತೆಗೆ ಹೋಗಿ, ಬೈಕಲ್ಲಿ ಹಿಂದೆ ಹೋಗಿ, ಏನಾದ್ರೂ ಮಾಡಿ.'

ತಂದೆ ಒಮ್ಮೆ ನನ್ನನ್ನು, ಒಮ್ಮೆ ಯಂತ್ರವನ್ನು ನೋಡಿದರು. ಮಾರುವವಳೇ ಬೇಡ ಎನ್ನುತ್ತಿದ್ದಾಳೆ. ಅವರು ಒಳ್ಳೆಯ ಮನುಷ್ಯ. ಮಗಳ ತಲೆಯ ಮೇಲೆ ಕೈಯಿಟ್ಟು ಮೃದುವಾಗಿಯೇ ಹೇಳಿದರು. 'ಪರವಾಗಿಲ್ಲ ಮೇಡಂ. ಅಡ್ಜಸ್ಟ್ ಮಾಡ್ಕೊತಾಳೆ.'

ದುಡ್ಡು ಎಣಿಸಿ ಗಂಡನ ಕೈಗೆ ಕೊಟ್ಟರು. ಗೂಡ್ಸ್ ಆಟೋ ಕೆಳಗೆ ಕಾಯುತ್ತಿತ್ತು. ಅವರು ಕರೆತಂದಿದ್ದ ಆಳುಗಳು ಯಂತ್ರವನ್ನು ಇಳಿಸಿಕೊಂಡು ಹೋದರು. ಹುಡುಗಿಯ ಹತ್ತಿರ ಹೋಗಿ ಏನಾದರೂ ಹೇಳಬೇಕು ಎಂದು ಮೆಟ್ಟಿಲವರೆಗೂ ಹೋದೆ. ಅವಳ ಹೆಸರನ್ನೂ ಕೇಳಲಿಲ್ಲ.

ಗಂಡ ಕೋಣೆಯಲ್ಲಿ ಮಂಚವನ್ನು ಹಳೆಯ ಜಾಗಕ್ಕೆ ಎಳೆಯುತ್ತಿದ್ದರು. 'ಬಂದೋರ ಮುಂದೆ ಮರ್ಯಾದೆ ತೆಗೆದೆ' ಎಂದರು.

'ನಾಳೆಯಿಂದ ಕೆರೆ ಕಡೆ ಓಡೋಕೆ ಹೋಗ್ತೀನಿ' ಎಂದೆ.

ಅವರು ಮಂಚ ಎಳೆಯುವುದನ್ನು ನಿಲ್ಲಿಸಲಿಲ್ಲ. ಬೇಡ ಎನ್ನಲೂ ಇಲ್ಲ, ಜೊತೆಗೆ ಬರುತ್ತೇನೆ ಎನ್ನಲೂ ಇಲ್ಲ.

ಹೋದೆ. ಈಗಲೂ ಹೋಗುತ್ತಿದ್ದೇನೆ. ಮೊದಲಿನ ಖುಷಿಯಿಂದ ಓಡುತ್ತೇನೆ ಎಂದರೆ ಸುಳ್ಳಾಗುತ್ತದೆ. ಹಠಕ್ಕೆ ಓಡುತ್ತೇನೆ. ಹಿಂದಿನಿಂದ ಗಾಡಿಯ ಸದ್ದು ಕೇಳಿಸಿದರೆ ಪಕ್ಕಕ್ಕೆ ಸರಿದು, ತಿರುಗಿ, ಎರಡೂ ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡು ನಿಲ್ಲುತ್ತೇನೆ. ಅದು ನನ್ನನ್ನು ದಾಟಿ ಹೋಗುವವರೆಗೂ ಅದರ ಮೇಲಿರುವವನ ಮುಖ ನೋಡುತ್ತೇನೆ. ಆಮೇಲೆ ಮತ್ತೆ ಓಡುತ್ತೇನೆ. ಆ ರಸ್ತೆಯಲ್ಲಿ ಬೆಳಿಗ್ಗೆ ಗಾಡಿಗಳು ಬಹಳ.