ಅಮಾವಾಸ್ಯೆಯ ಗೆರೆ

ವಿಜ್ಞಾನ ವಿಭಾಗದವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಅವರ ಕಟ್ಟಡದಲ್ಲಿ ಯಂತ್ರಗಳಿಗೂ ಎ.ಸಿ. ಸಮಾಜಶಾಸ್ತ್ರದವರಾದ ನಮ್ಮ ಕಟ್ಟಡದಲ್ಲಿ ಮನುಷ್ಯರಿಗೂ ಫ್ಯಾನು ಸರಿಯಾಗಿ ತಿರುಗುವುದಿಲ್ಲ. ಅವರಲ್ಲಿ ಯಾರಾದರೂ ಸಿಕ್ಕಿ, ನೀವು ಏನು ಸಂಶೋಧನೆ ಮಾಡುತ್ತೀರಿ ಎಂದು ಕೇಳಿದರೆ ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಎಲ್ಲ ಕೇಳಿಸಿಕೊಂಡು, "ಓ, ಅಂದರೆ ಜನರ ಜೊತೆ ಮಾತಾಡುತ್ತೀರಿ" ಎನ್ನುತ್ತಿದ್ದರು. ಹೌದು, ಮಾತಾಡುತ್ತೇನೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದವರ ಬದುಕನ್ನು ಬರೆಯುವುದು ನನ್ನ ಕಸುಬು. ನಾನೂ ಕಲಬುರಗಿ ಕಡೆಯವಳೇ ಆದ್ದರಿಂದ ಅವರ ಜೊತೆ ಮಾತು ಸಲೀಸು.

ಆ ಸಿಟ್ಟನ್ನು ಇಳಿಸಿದ್ದು ನಮ್ಮ ವಿಶ್ವವಿದ್ಯಾಲಯದ ಶುಕ್ರವಾರದ ಕೂಟ. ನಿವೃತ್ತರಾದ, ತೆಲುಗು ಮನೆಮಾತಿನ ಗಣಿತದ ಮೇಷ್ಟ್ರೊಬ್ಬರು ಅದನ್ನು ಶುರು ಮಾಡಿದ್ದರು. ಕ್ಯಾಂಟೀನಿನ ಹಿಂದೆ ಬೇವಿನ ಮರದ ಕೆಳಗೆ ಹತ್ತಿಪ್ಪತ್ತು ಜನ ಅಧ್ಯಾಪಕರು ಸೇರುವುದು, ಒಬ್ಬರು ತಮ್ಮ ಕೆಲಸದ ಬಗ್ಗೆ ಮಾತಾಡುವುದು. ಪರದೆ ಇಲ್ಲ, ಯಂತ್ರವಿಲ್ಲ. ತೋರಿಸಲೇಬೇಕೆಂದರೆ ಒಂದೇ ಒಂದು ಹಾಳೆ. ಮಾತು ಮುಗಿದ ಮೇಲೆ ಮೇಷ್ಟ್ರು ಸ್ಟೀಲಿನ ಡಬ್ಬಿಯಿಂದ ಒಂದು ಚೀಟಿ ಎತ್ತುತ್ತಿದ್ದರು. ವಿಜ್ಞಾನದವರು ಮಾತಾಡಿದ್ದರೆ ನಮ್ಮ ಕಡೆಯವರ ಹೆಸರು, ನಾವು ಮಾತಾಡಿದ್ದರೆ ಅವರ ಕಡೆಯವರದು. ಹೆಸರು ಬಂದವರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಒಂದು ಮಾತು ಸೇರಿಸುವಂತಿಲ್ಲ, ಕೊಂಕು ತೆಗೆಯುವಂತಿಲ್ಲ. "ಹೌದು, ನಾನು ಹೇಳಿದ್ದು ಇದೇ" ಎಂದು ಮಾತಾಡಿದವರು ಒಪ್ಪುವ ತನಕ ಯಾರೂ ಪ್ರಶ್ನೆ ಕೇಳಕೂಡದು.

ಕೇಳಲು ಸುಲಭ, ಮಾಡಲು ಹೋದರೆ ಬೆವರು. ಒಮ್ಮೆ ಜೀವಶಾಸ್ತ್ರದವರೊಬ್ಬರು ಒಂದೇ ಹುಣಸೆ ಕೊಂಬೆಯ ಇರುವೆಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಉರ್ದು ವಿಭಾಗದವರು ಅದನ್ನು ಎಷ್ಟು ಚೆಂದವಾಗಿ ತಿರುಗಿ ಹೇಳಿದರೆಂದರೆ, ನನ್ನ ಕೆಲಸ ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ ಎಂದು ಇರುವೆಯವರು ಕಣ್ಣೊರೆಸಿಕೊಂಡರು. ಆ ಮರದ ಕೆಳಗೆ ಕೂತಾಗಲೆಲ್ಲ ಇವರ ಜೊತೆ ಕೆಲಸ ಮಾಡುವುದೇ ಒಂದು ಭಾಗ್ಯ ಅನ್ನಿಸುತ್ತಿತ್ತು.

ಕೂಟದಲ್ಲಿ ನನಗೆ ಅತಿ ಆಪ್ತರಾದವರು ಭೂವಿಜ್ಞಾನ ವಿಭಾಗದ ಒಬ್ಬ ಹಿರಿಯ ಅಧ್ಯಾಪಕಿ. ಅವರ ತಂದೆ ಧಾರವಾಡ ಕಡೆಯಿಂದ ಬಂದು ಇಲ್ಲಿಯ ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮಗಳು ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಮನೆಯ ಹೊರಗೆ ತೆಲುಗು, ಒಳಗೆ ಅಪ್ಪಟ ಧಾರವಾಡದ ಮಾತು. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವ ಹಾಗೆ ನಾನು ಅವರನ್ನು ಅಕ್ಕಾರ ಎಂದೇ ಕರೆಯುತ್ತಿದ್ದೆ. ಮಧ್ಯಾಹ್ನ ಅವರ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಒಂದು ನನ್ನ ಪಾಲಿಗೆ ಇದ್ದೇ ಇರುತ್ತಿತ್ತು.

ಅಕ್ಕಾರು ನೆಲದೊಳಗಿನ ನೀರಿನ ಮಟ್ಟ ಅಳೆಯುವವರು. ವಿಶ್ವವಿದ್ಯಾಲಯದ ಕಾಂಪೌಂಡ್ ಗೋಡೆಯ ಪಕ್ಕದ ಒಂದು ಹಳೆಯ ಬೋರ್‌ವೆಲ್‌ನಲ್ಲಿ ಅವರು ಒಂದು ಉಪಕರಣ ಇಳಿಬಿಟ್ಟಿದ್ದರು. ಅದು ಕಾಲು ಗಂಟೆಗೊಮ್ಮೆ ನೀರು ಎಷ್ಟು ಆಳದಲ್ಲಿದೆ ಎಂದು ಬರೆದಿಡುತ್ತದೆ. ಅವರು ಅದರ ದಿನದ ಸರಾಸರಿ ತೆಗೆದು ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದರು. ಹೀಗೆ ಮೂರು ವರ್ಷ. ಆ ಗೆರೆ ಹೇಳಿದ ಸಂಗತಿಯನ್ನು ಅವರು ಒಂದು ಶುಕ್ರವಾರ ನಮ್ಮ ಮುಂದಿಟ್ಟರು.

ಅದು ಹೀಗಿತ್ತು. ಚಂದ್ರ ಸಮುದ್ರವನ್ನು ಎಳೆಯುವಂತೆ ನೆಲದ ಬಂಡೆಯನ್ನೂ ತುಸು ಎಳೆಯುತ್ತಾನೆ, ಬಂಡೆಯ ಬಿರುಕಿನಲ್ಲಿರುವ ನೀರು ಆಗ ಏರಿಳಿಯುತ್ತದೆ. ಇದು ಹಳೆಯ ವಿಷಯ. ಆದರೆ ಅಮಾವಾಸ್ಯೆಗೂ ಹುಣ್ಣಿಮೆಗೂ ಎಳೆತ ಹೆಚ್ಚುಕಡಿಮೆ ಒಂದೇ ಇರಬೇಕು. ಅಕ್ಕಾರ ಬೋರ್‌ವೆಲ್‌ನಲ್ಲಿ ಮಾತ್ರ ಅಮಾವಾಸ್ಯೆಯಂದು ನೀರು ಇಳಿಯುತ್ತಿತ್ತು, ಹುಣ್ಣಿಮೆಗೆ ಅಲುಗುತ್ತಲೇ ಇರಲಿಲ್ಲ. ಹೈದರಾಬಾದಿನ ಬಂಡೆಯ ಬಿರುಕುಗಳು ಒಂದೇ ಕಡೆಗೆ ವಾಲಿರುವುದು ಇದಕ್ಕೆ ಕಾರಣವಿರಬೇಕೆಂದು ಅವರು ಸುಂದರವಾದ ಒಂದು ವಿವರಣೆ ಕಟ್ಟಿದ್ದರು. ಹತ್ತಿರದಲ್ಲಿ ಮೋಟರ್ ಇದೆಯೇ ಎಂದು ವಿಶ್ವವಿದ್ಯಾಲಯದ ದಾಖಲೆಗಳನ್ನೂ ನೋಡಿಕೊಂಡಿದ್ದರು. ಇರಲಿಲ್ಲ. ಪ್ರಬಂಧ ಸಿದ್ಧವಾಗಿತ್ತು. ಮುಂದಿನ ತಿಂಗಳು ಪ್ರೊಫೆಸರ್ ಹುದ್ದೆಯ ಸಂದರ್ಶನವಿತ್ತು. ಎರಡು ಸಲ ಅವರಿಗೆ ಆ ಹುದ್ದೆ ತಪ್ಪಿತ್ತು, ನಿವೃತ್ತಿ ಹತ್ತಿರವಿತ್ತು. ಈ ಸಲದ ಆಸೆಯೆಲ್ಲ ಈ ಪ್ರಬಂಧದ ಮೇಲೆ ನಿಂತಿತ್ತು.

ಮೇಷ್ಟ್ರು ಚೀಟಿ ಎತ್ತಿದರು. ನನ್ನ ಹೆಸರು.

ಎದ್ದು ನಿಂತು ಶುರು ಮಾಡಿದೆ. ಚಂದ್ರ, ಬಂಡೆ, ಬಿರುಕು, ಎಲ್ಲ ಸರಾಗವಾಗಿ ಬಂತು. "ಪ್ರತಿ ಅಮಾವಾಸ್ಯೆಯಂದು ನೀರು ಇಳಿಯುತ್ತದೆ" ಎಂದು ನನ್ನ ಬಾಯಿಂದಲೇ ಹೇಳಿದೆ ನೋಡಿ, ಮುಂದಿನ ವಾಕ್ಯಕ್ಕೆ ತಡವರಿಸಿದೆ. ಏಕೆಂದರೆ ಅಮಾವಾಸ್ಯೆ ನನ್ನ ದಿನ. ಕಟ್ಟಡದ ಕೆಲಸದವರಿಗೆ ಭಾನುವಾರ ರಜೆ ಇಲ್ಲ, ಅಮಾವಾಸ್ಯೆಗೆ ರಜೆ. ಅವರು ಬಿಡಾರದಲ್ಲಿ ಸಿಗುವುದೇ ಆವತ್ತು, ನನ್ನ ಸಂದರ್ಶನಗಳೆಲ್ಲ ಆವತ್ತೇ. ಮೂರು ವರ್ಷಕ್ಕೂ ಹೆಚ್ಚಿನಿಂದ ಹೊಸ ಹಾಸ್ಟೆಲ್ ಕಟ್ಟುತ್ತಿದ್ದವರ ತಗಡಿನ ಶೆಡ್ಡುಗಳು ಅದೇ ಗೋಡೆಯ ಆಚೆ ಇದ್ದವು. ಅಲ್ಲೊಂದು ಪಾಳು ಬಾವಿ ಇತ್ತು. ಉಳಿದ ದಿನ ಕೆಲಸಕ್ಕೆ ಬರುವ ಟ್ಯಾಂಕರ್ ನೀರಿನಲ್ಲೇ ಅವರ ಬಳಕೆ ನಡೆಯುತ್ತಿತ್ತು. ಅಮಾವಾಸ್ಯೆಗೆ ಟ್ಯಾಂಕರ್ ಬರುವುದಿಲ್ಲ. ಆವತ್ತು ಸೈಟಿನ ಮೋಟರನ್ನು ಆ ಬಾವಿಗೆ ಇಳಿಸಿ, ತಿಂಗಳ ಹಾಸಿಗೆ, ಹೊದಿಕೆ, ಬಟ್ಟೆ ಎಲ್ಲ ಒಗೆಯುತ್ತಿದ್ದರು. ಎಷ್ಟೋ ಸಲ ಆ ಮೋಟರಿನ ಸದ್ದಿಗೆ ನನ್ನ ರೆಕಾರ್ಡಿಂಗ್ ಹಾಳಾಗಿ ಬೈದುಕೊಂಡಿದ್ದೆ. ಆ ಬಾವಿಯ ನೀರೆತ್ತಿದರೆ ಗೋಡೆಯ ಈಚೆಯ ಬೋರ್‌ವೆಲ್‌ನಲ್ಲೂ ನೀರು ಇಳಿಯದೆ ಇರುತ್ತದೆಯೇ?

ನಿಯಮ ಇದ್ದದ್ದು ಒಳ್ಳೆಯದಾಯಿತು. ಏನನ್ನೂ ಸೇರಿಸದೆ ಮುಗಿಸಿದೆ. "ಹೌದು, ನಾನು ಹೇಳಿದ್ದು ಇದೇ" ಎಂದು ಅಕ್ಕಾರು ನಕ್ಕರು. ಪ್ರಶ್ನೆಗಳು ಶುರುವಾದಾಗ ನಾನು ಬಾಯಿ ಬಿಡಲಿಲ್ಲ.

ಎರಡು ದಿನ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಒದ್ದಾಡಿದೆ. ಹೇಳದಿದ್ದರೆ ಅವರಿಗೆ ಹುದ್ದೆ ಸಿಗಬಹುದು. ಯಾರಿಗೂ ಗೊತ್ತಾಗುವುದಿಲ್ಲ, ಆ ಹಾಸ್ಟೆಲ್ ಮುಗಿದರೆ ಶೆಡ್ಡುಗಳೂ ಹೋಗುತ್ತವೆ. ಸೋಮವಾರ ಊಟದ ಹೊತ್ತಿಗೆ ಅವರ ಕೋಣೆಗೆ ಹೋಗಿ ಹೇಳಿಯೇಬಿಟ್ಟೆ. ಅವರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

"ನೀ ಈಗ ಹೋಗು," ಎಂದರು.

ಹೋದೆ. ಅಳು ಬಂತು. ಬೇರೆಯವರ ತುತ್ತು ಕಸಿದವಳ ಹಾಗೆ ಇಡೀ ದಿನ ಓಡಾಡಿದೆ.

ಮಾರನೆಯ ಬೆಳಿಗ್ಗೆ ಮೆಹದಿಪಟ್ಟಣಂನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರ ಫೋನ್ ಬಂತು. "ಅಮಾಸಿ ದಿನ ನಾವs ಒಂದು ಟ್ಯಾಂಕರ್ ತರಿಸಿ ಕೊಟ್ರ ಅವ್ರು ಮೋಟರ್ ಹಚ್ಚೂದಿಲ್ಲ, ಹೌದಲ್ಲ?"

"ಇಲ್ರಿ ಅಕ್ಕಾರ. ಯಾಕ್ ಹಚ್ಚತಾರ?"

"ಹಂಗಾರ ಆವತ್ತು ನೀರು ಇಳಿಯಬಾರದು. ಇಳೀತಂದ್ರ ನಂದು ಖರೆ, ಇಳೀಲಿಲ್ಲಂದ್ರ ನಿಂದು ಖರೆ. ಟ್ಯಾಂಕರಿನವನ ನಂಬರ್ ಐತೇನು?"

ನಾನು ಬಸ್ಸು ತಪ್ಪಿಸಿಕೊಂಡೆ. ತಮ್ಮ ಮೂರು ವರ್ಷದ ಕೆಲಸ ನಿಲ್ಲುತ್ತದೋ ಬೀಳುತ್ತದೋ ನೋಡಲು ತಾವೇ ಟ್ಯಾಂಕರ್ ಗೊತ್ತುಮಾಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ಅಮಾವಾಸ್ಯೆ ಇಬ್ಬರೂ ನಸುಕಿಗೇ ಶೆಡ್ಡಿನ ಹತ್ತಿರ ಹೋದೆವು. ಟ್ಯಾಂಕರ್ ಬಂದದ್ದು ನೋಡಿ ಶಹಾಪುರ ಕಡೆಯ ಹೆಂಗಸೊಬ್ಬಳಿಗೆ ಅನುಮಾನ.

"ಯಾಕ್ರೀ ಅಕ್ಕಾರ, ಬಾವ್ಯಾಗ ಏನರ ಬಿದ್ದೈತೇನ್ರಿ?"

"ಏನೂ ಬಿದ್ದಿಲ್ಲವ್ವ," ಎಂದರು ಅಕ್ಕಾರು. "ನಂದೊಂದು ತಪ್ಪು ಹುಡುಕಾಕತ್ತೀನಿ."

"ಸಿಕ್ರ ಹೇಳ್ರಿ," ಎಂದು ಅವಳು ಕೊಡ ತುಂಬಿಕೊಂಡು ಹೋದಳು.

ಮರುದಿನ ಉಪಕರಣ ಮೇಲೆತ್ತಿ ಲೆಕ್ಕ ತೆಗೆದರು. ನೀರು ಇಳಿದಿರಲಿಲ್ಲ. ಅಕ್ಕಾರು ಕನ್ನಡಕ ಹಣೆಗೇರಿಸಿ ಗೆರೆಯನ್ನು ಬಹಳ ಹೊತ್ತು ನೋಡಿದರು. "ನೋಡು, ಎಷ್ಟು ನೆಟ್ಟಗ ಐತಿ," ಎಂದರು. ಅವರ ದನಿಯಲ್ಲಿ ದುಃಖವಿತ್ತು, ಜೊತೆಗೆ ಮಕ್ಕಳಿಗಿರುವಂಥ ಒಂದು ಕುತೂಹಲವೂ ಇತ್ತು. ಒಂದು ಸಲ ಸಾಕಾಗುವುದಿಲ್ಲ ಎಂದು ಮುಂದಿನ ಅಮಾವಾಸ್ಯೆಗೆ ಟ್ಯಾಂಕರ್ ತರಿಸಲಿಲ್ಲ. ನೀರು ಮತ್ತೆ ಇಳಿಯಿತು.

ಈ ಎರಡು ಅಮಾವಾಸ್ಯೆಗಳ ನಡುವೆ ಸಂದರ್ಶನ ನಡೆಯಿತು. ಸಮಿತಿಯವರು ಪ್ರಬಂಧದ ಬಗ್ಗೆ ಕೇಳಿದಾಗ, ಅದರಲ್ಲಿ ತಪ್ಪಿರುವಂತಿದೆ, ಕಳಿಸುವುದಿಲ್ಲ ಎಂದು ಅವರೇ ಹೇಳಿ ಬಂದರು. ಹುದ್ದೆ ಬೇರೆಯವರಿಗೆ ಹೋಯಿತು. ನನಗೆ ಉರಿದುಹೋಯಿತು, ಒಂದು ವಾರ ತಡೆದು ಹೇಳಿದ್ದರೆ ಏನಾಗುತ್ತಿತ್ತು ಎಂದು ಅವರ ಮೇಲೇ ರೇಗಿದೆ. "ಹೇಳದs ಇದ್ದಿದ್ರ ಆ ಖುರ್ಚಿ ಮ್ಯಾಲ ನನಗ ನಿದ್ದಿ ಹತ್ತತಿರಲಿಲ್ಲ," ಎಂದು ಅವರು ರೊಟ್ಟಿ ಮುರಿದು ಕೈಗಿಟ್ಟರು.

ಎರಡನೆಯ ಅಮಾವಾಸ್ಯೆ ಕಳೆದ ಮೇಲಿನ ಶುಕ್ರವಾರ ಅವರು ಬೇವಿನ ಮರದ ಕೆಳಗೆ ನಿಂತು ತಾವು ತಪ್ಪಿದ್ದು ಹೇಗೆ ಎಂಬುದನ್ನು ಮುಕ್ಕಾಲು ಗಂಟೆ ಹೇಳಿದರು. "ಚಂದ್ರನೇ ಕಾರಣ ಅಂದೆ. ಕಾರಣ ಅವನೇ ಹೌದು, ಆದರೆ ನಡುವೆ ಜನ ಇದ್ದರು. ಗೋಡೆಯಾಚೆ ಹೋಗಿ ಒಂದು ಮಾತು ಕೇಳಬೇಕು ಅಂತ ಮೂರು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ," ಎಂದರು. ಕಾರ್ಖಾನೆಯ ಸೈರನ್ ಕೇಳಿ ಬೆಳೆದವಳಿಗೆ ರಜೆ ಎಂದರೆ ಭಾನುವಾರ ಎಂದು ನಗಿಸಿದರು. ಯಾರೂ ಚೀಟಿಯ ನೆನಪು ಮಾಡಲಿಲ್ಲ. ಗಣಿತದ ಮೇಷ್ಟ್ರು ಎದ್ದು, ಪ್ರಮೇಯ ಕಟ್ಟುವವರನ್ನು ಬಹಳ ನೋಡಿದ್ದೇನೆ, ತಮ್ಮದನ್ನು ಕೆಡವಲು ಟ್ಯಾಂಕರ್ ತರಿಸಿದವರು ಇವರೊಬ್ಬರೇ ಎಂದರು. ನಾನು ಅತ್ತೆ. ಅಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಪದವಿ ಬಂದಾಗಲೂ ಆಗಿರಲಿಲ್ಲ.

ಕೂಟ ಮುಗಿದ ಮೇಲೆ ಅಕ್ಕಾರು ನನ್ನ ಕೋಣೆಗೆ ಬಂದು ಒಂದು ಉದ್ದನೆಯ ಹಾಳೆ ಬಿಡಿಸಿದರು. ದಿನದ ಸರಾಸರಿ ಬಿಟ್ಟು, ಈ ಸಲ ಅಮಾವಾಸ್ಯೆಗಳ ಕಾಲು ಗಂಟೆಯ ಲೆಕ್ಕವನ್ನೇ ಗೆರೆ ಎಳೆದು ತಂದಿದ್ದರು.

"ಇದು ನನಗ ಇನ್ನ ಉಪಯೋಗಿಲ್ಲ, ನಿನಗ ಬೇಕಾಗಬಹುದು. ನಿನ್ನ ಪುಸ್ತಕದಾಗ ಈ ದಿನಕ್ಕ ಏನಂತ ಬರದೀ?"

ಈ ಕೆಲಸಗಾರರ ಬಗ್ಗೆ ನಾನು ಬರೆದ ಪುಸ್ತಕ ಆಗಲೇ ಮುದ್ರಣಾಲಯದಲ್ಲಿತ್ತು. "ವಿಶ್ರಾಂತಿಯ ದಿನ ಅಂತ ಬರದೀನ್ರಿ," ಎಂದೆ.

ಅವರು ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಎಳೆದರು. "ನಸುಕಿನ ಐದಕ್ಕ ಇಳಿಯಾಕ ಸುರು ಆಗೈತಿ. ಮಧ್ಯಾಹ್ನ ಮೂರರ ಮಟ ನಿಂತಿಲ್ಲ. ಎಲ್ಲಾ ಅಮಾಸಿಗೂ ಹಿಂಗs ಐತಿ. ಯಾರಿಗೆ ವಿಶ್ರಾಂತಿ ಇತ್ತು?"

ಕೇಳಿದ್ದು ಮೆಲ್ಲಗೇ. ಆದರೂ ಮುಖಕ್ಕೆ ಹೊಡೆದ ಹಾಗಾಯಿತು. ಆ ದಿನಗಳಲ್ಲಿ ಗಂಡಸರು ಮಂಚದ ಮೇಲೆ ಕೂತು ನನ್ನ ಜೊತೆ ಗಂಟೆಗಟ್ಟಲೆ ಮಾತಾಡಿದ್ದರು. ಹೆಂಗಸರನ್ನು ಕರೆದಾಗಲೆಲ್ಲ ಅವರು ಒಗೆಯುವ ಕಲ್ಲಿನ ಹತ್ತಿರದಿಂದ, "ಆಮ್ಯಾಲ ಬರ್ರೀ ಅಕ್ಕಾರ" ಎನ್ನುತ್ತಿದ್ದರು. ನಾನು ಕಪಾಟಿನಿಂದ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಪುಟ ಪುಟದಲ್ಲೂ ನನ್ನದೇ ಅಕ್ಷರದಲ್ಲಿತ್ತು: ಹೆಂಗಸರು ಮಾತಾಡಲು ಹಿಂಜರಿಯುತ್ತಾರೆ. ಅವರಿಗೆ ಎಲ್ಲಿಯ ಹಿಂಜರಿಕೆ, ಮೊಣಕೈ ತನಕ ಸೋಪಿನ ನೊರೆ ಇತ್ತು.

ಅಕ್ಕಾರ ಎದುರಿಗೇ ಮುದ್ರಣಾಲಯಕ್ಕೆ ಫೋನ್ ಮಾಡಿ ಪುಸ್ತಕ ನಿಲ್ಲಿಸಲು ಹೇಳಿದೆ. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿ, ಮುಂದಿನ ಶುಕ್ರವಾರ ನಾನು ಮಾತಾಡುತ್ತೇನೆ ಎಂದೆ.